ಸಾಹೇಬರ ಚಿಲಕ

ಸುಬ್ರಾಯ ಆಚಾರಿಯವರಷ್ಟು ಶ್ರದ್ಧೆಯಿಂದ ಮರೆಯುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ನಾವೆಲ್ಲ ನಮಗೇ ಗೊತ್ತಾಗದ ಹಾಗೆ ಮರೆಯುತ್ತೇವೆ. ಅವರು ಮರೆಯುವುದನ್ನು ಕಸುಬಿನ ಕೊನೆಯ ಹಂತವೆಂದು ತಿಳಿದಿದ್ದರು. ತಾವು ಮಾಡಿದ ಮರದ ಪೆಟ್ಟಿಗೆಗೆ ಎಣ್ಣೆ ಒರೆಸಿ, ಅದರ ಗುಟ್ಟನ್ನು ಮನೆಯ ಹೆಂಗಸಿಗೆ ತೋರಿಸಿಕೊಟ್ಟು, ಆ ಮನೆಯ ಬಾವಿಕಟ್ಟೆಗೆ ಹೋಗಿ ಕೈಕಾಲು ತೊಳೆಯುತ್ತಿದ್ದರು. ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದು, "ಆತು. ನಂಗೆ ನೆನಪು ಹೋತು" ಎನ್ನುತ್ತಿದ್ದರು. ಆಮೇಲೆ ಆ ಪೆಟ್ಟಿಗೆಯ ಬಗ್ಗೆ ಯಾರು ಏನು ಕೇಳಿದರೂ ಅವರ ಮುಖ ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗಿರುತ್ತಿತ್ತು.

ನಿಜವಾಗಿಯೂ ಮರೆಯುತ್ತಿದ್ದರೋ, ಮರೆತಂತೆ ಇರುವುದನ್ನು ಕಲಿತಿದ್ದರೋ, ನನಗೆ ತಿಳಿಯದು. ನಾನು ದಿನವೂ ಡೈರಿ ಬರೆಯುವವಳು. ಬರೆದಿಟ್ಟದ್ದನ್ನೂ ಹತ್ತು ವರ್ಷದ ಮೇಲೆ ಓದಿದರೆ ಇದನ್ನು ನಾನೇ ಕಂಡೆನೇ ಎಂದು ಅನುಮಾನ ಬರುತ್ತದೆ. ಆದ್ದರಿಂದ ಈ ಬರಹದಲ್ಲಿ ಎಲ್ಲಿ ಡೈರಿ ಇದೆ, ಎಲ್ಲಿ ಬರೀ ನನ್ನ ನೆನಪಿದೆ ಎಂದು ಆದಷ್ಟು ಹೇಳುತ್ತ ಹೋಗುತ್ತೇನೆ.

ಹೊನ್ನಾವರದಲ್ಲಿ ನಮ್ಮ ಮನೆಯ ಅಂಗಳಕ್ಕೂ ಅವರ ಕೆಲಸದ ಚಪ್ಪರಕ್ಕೂ ನಡುವೆ ಮೊಣಕಾಲೆತ್ತರದ ಒಂದು ಪಾಗಾರದ ಗೋಡೆ ಮಾತ್ರ ಇತ್ತು. ಉಳಿಗೆ ಬಡಿಯುವ ಕೊಡತಿಯ ಸದ್ದು ಕೇಳದಿದ್ದರೆ ಅಮ್ಮ "ಆಚಾರಿಗೆ ಜ್ವರವೋ ಎಂತದೋ" ಎನ್ನುತ್ತಿದ್ದಳು. ಸಣಕಲು ಮನುಷ್ಯ. ಹುಬ್ಬಿನಲ್ಲಿ ಸದಾ ಮರದ ಪುಡಿ. ಬಲಗೈಯ ಹೆಬ್ಬೆರಳು ಮಾತ್ರ ಬೇರೆ ಯಾರದೋ ಅನ್ನುವ ಹಾಗೆ ಅಗಲವಾಗಿ, ಚಪ್ಪಟೆಯಾಗಿ, ಚಮಚದ ತುದಿಯಂತಿತ್ತು. ಆ ಹೆಬ್ಬೆರಳಿನಿಂದಲೇ ಅವರು ಜಗತ್ತನ್ನು ಪರೀಕ್ಷೆ ಮಾಡುತ್ತಿದ್ದರು. ಹಲಸಿನ ಹಣ್ಣನ್ನೂ, ಹಲಸಿನ ಹಲಗೆಯನ್ನೂ, ನಮ್ಮ ಮನೆಯ ಹೊಸ ಸಿಮೆಂಟಿನ ಜಗಲಿಯನ್ನೂ ಒತ್ತಿ ನೋಡುವರು. ಜಗಲಿ ಒತ್ತಿ ನೋಡಿ, "ಗಟ್ಟಿ ಇದೆ, ಆದ್ರೆ ಮಾತಾಡೂದಿಲ್ಲ" ಎಂದಿದ್ದರು.

ಅವರು ಮಾಡುತ್ತಿದ್ದುದು ಹೆಂಗಸರ ಪೆಟ್ಟಿಗೆ. ಭಟ್ಕಳದಿಂದ ಕುಮಟೆಯವರೆಗೆ ಗಂಡಸರು ಬೋಟಿಗೆ, ಮುಂಬಯಿಗೆ, ಆಮೇಲಾಮೇಲೆ ಕೊಲ್ಲಿಯ ದೇಶಗಳಿಗೆ ಹೋದ ಮನೆಗಳಲ್ಲಿ ಬಂಗಾರ, ರೇಷ್ಮೆ ಸೀರೆ, ಕಾಗದಪತ್ರ ಎಲ್ಲ ಆ ಪೆಟ್ಟಿಗೆಯಲ್ಲೇ. ಒಂದು ಮೊಳೆಯನ್ನೂ ಹೊಡೆಯದೆ ಹಲಗೆಗೆ ಹಲಗೆ ಹಲ್ಲು ಕಚ್ಚಿಸಿ ಕೂಡಿಸುತ್ತಿದ್ದರು. ಹೊರಗೆ ಬೀಗ ಇದ್ದರೂ ಅದು ಲೋಕರೂಢಿಗೆ. ನಿಜವಾದ ಭದ್ರತೆ ಒಳಗಿನ ಮರದ ಚಿಲಕದ್ದು. ಪೆಟ್ಟಿಗೆಯ ಮೈಮೇಲಿನ ಯಾವುದೋ ಒಂದು ಹೂವಿನ ಎಸಳನ್ನೋ ಪಟ್ಟಿಯ ತುದಿಯನ್ನೋ ಒಂದು ರೀತಿಯಲ್ಲಿ ಒತ್ತಿ ಸರಿಸಿದರೆ ಮಾತ್ರ ಅದು ಬಿಡುತ್ತಿತ್ತು. ಒಂದು ಪೆಟ್ಟಿಗೆಯ ಗುಟ್ಟು ಇನ್ನೊಂದಕ್ಕೆ ಇರಕೂಡದು. ಅದನ್ನು ತೋರಿಸುವುದು ಒಬ್ಬಳಿಗೇ, ಒಂದೇ ಸಲ. ಎಲ್ಲರನ್ನೂ ಹೊರಗೆ ಕಳಿಸಿ, ಅವಳ ಕೈ ಮರದ ಮೇಲಿಡಿಸಿ, ತಾವು ಮುಟ್ಟದೆ ಪೊರಕೆಯ ಹಿಡಿಕಡ್ಡಿಯಿಂದ ಜಾಗ ತೋರಿಸಿ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿಸುವರು.

ಹಾಗೆ ಕಳಿಸಿದರೂ ಮನೆಯೊಳಗೆ ಪರಗಂಡಸು ಒಬ್ಬನೇ ಇರುವುದು ಸರಿಯಲ್ಲವೆಂದು ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಲ್ಲಬೇಕು. ಆ ಕೆಲಸ ಚಿಕ್ಕಂದಿನಿಂದಲೂ ನನ್ನದು. ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. ಧಾರವಾಡಕ್ಕೆ ಹೋಗಿ ರಾಜ್ಯಶಾಸ್ತ್ರ ಓದಿ, ಕುಮಟೆಯ ಕಾಲೇಜಿನಲ್ಲಿ ಪಾಠ ಹೇಳತೊಡಗಿದ ಮೇಲೂ ರಜೆಯ ದಿನ ಪಾಗಾರದಾಚೆಯಿಂದ ಕರೆ ಬರುತ್ತಿತ್ತು. "ತಂಗೀ, ಬೆನ್ನು ಪುರುಸೊತ್ತಿದ್ಯಾ?"

ಒಮ್ಮೆ ನಮ್ಮೂರಿನ ಒಬ್ಬ ಗಂಡ, ಹೆಂಡತಿಯ ಪೆಟ್ಟಿಗೆಯ ಗುಟ್ಟು ತಿಳಿಯಲು ಒಂದು ಬುಟ್ಟಿ ಬಂಗಡೆ ಮೀನು ಹೊರಿಸಿಕೊಂಡು ಬಂದ. ಆಚಾರಿ ಮೀನು ಒಳಗೆ ಕಳಿಸಿದರು.

"ನಂಗೆ ನೆನಪಿಲ್ಲ ಮಾರಾಯ."

"ಹಾಂಗಾದ್ರೆ ಮೀನು ಎಂತಕ್ಕೆ ತಕಂಡ್ರಿ?"

"ಮೀನು ನೀ ಕೊಟ್ಯಲ್ಲ."

"ಅದು ನನ್ನ ಮನೆ ಪೆಟ್ಟಿಗೆ, ಆಚಾರ್ರೆ."

"ಪೆಟ್ಟಿಗೆ ನಿಂದೇ. ಚಿಲಕ ಅವಳದ್ದು. ಅವಳತ್ರ ಕೇಳು. ಕೇಳೂಕೆ ಹೆದರಿಕೆ ಆದ್ರೆ ಅದ್ರಲ್ಲಿ ನಿಂದು ಎಂತದೂ ಇಲ್ಲ ಹೇಳಿ ಆತು."

ಆತ ಮೀನನ್ನಾದರೂ ವಾಪಸು ಕೊಡಿ ಎಂದ. ಅಷ್ಟರಲ್ಲಿ ಒಗ್ಗರಣೆಯ ವಾಸನೆ ಬಂದಿತ್ತು.

ಎಪ್ಪತ್ತರ ದಶಕದ ನಡುವೆ ಕರಾವಳಿಯಲ್ಲಿ ಕಳ್ಳಮಾಲಿನ ಗಲಾಟೆ ಜೋರಾಯಿತು. ಬಂಗಾರದ ಬಿಸ್ಕತ್ತು, ಕೈಗಡಿಯಾರ, ಟೇಪ್‌ರೆಕಾರ್ಡರು ದೋಣಿಗಳಲ್ಲಿ ಇಳಿಯುತ್ತಿದ್ದುದು ಸುಳ್ಳಲ್ಲ. ಅದನ್ನು ಹಿಡಿಯಲೆಂದು ಒಂದು ಕಚೇರಿ ಬಂತು. ಅದರ ಹೆಸರು ಇಲ್ಲಿ ಬೇಡ. ಆ ಕಚೇರಿಯವರು ಭಟ್ಕಳದ ಹತ್ತಿರದ ಜಾಲಿಯಲ್ಲಿ ಒಬ್ಬ ನವಾಯತಿ ಮುಸ್ಲಿಂ ಮುದುಕಿಯ ಮನೆ ಶೋಧಿಸಿ, ಆಚಾರಿಯವರು ಹಿಂದೆಂದೋ ಮಾಡಿಕೊಟ್ಟ ಪೆಟ್ಟಿಗೆಯನ್ನು ಕೊಡಲಿಯಿಂದ ಒಡೆದರು. ಆಕೆಯನ್ನು ಎಲ್ಲರೂ ಬೀಬಮ್ಮ ಎನ್ನುತ್ತಿದ್ದರು. ಪೆಟ್ಟಿಗೆ ತೆರೆ ಎಂದಾಗ ಹೆದರಿಕೆಗೆ ಆಕೆಯ ಕೈ ತನ್ನದೇ ಚಿಲಕವನ್ನು ಮರೆತುಬಿಟ್ಟಿತ್ತು. ಬಂದವರು ಇವಳು ಬೇಕೆಂದೇ ತೆರೆಯುತ್ತಿಲ್ಲ ಎಂದುಕೊಂಡರು. ಒಡೆದಾಗ ಒಳಗೆ ಇದ್ದದ್ದು ಹಜ್‌ನಿಂದ ಗಂಡ ತಂದಿಟ್ಟಿದ್ದ, ಸತ್ತ ಮೇಲೆ ಆಕೆಗೆ ಹೊದಿಸಬೇಕಾದ ಕಫನ್ ಬಟ್ಟೆ, ಒಂದು ಪವಿತ್ರ ನೀರಿನ ಶೀಸೆ. ಶೀಸೆಯೂ ಒಡೆದಿತ್ತು.

ರಿಪೇರಿಗೆ ಆಚಾರಿ ಹೋದಾಗ ನಾನೂ ಹೋಗಿದ್ದೆ. ಇದು ಡೈರಿಯಲ್ಲಿದೆ. ಅವರು ಕೆಲಸ ಶುರು ಮಾಡಲಿಲ್ಲ. ನೆಲದ ಮೇಲೆ ಕೂತು ಸಿಗಿದ ಚೂರುಗಳನ್ನು ಒಂದೊಂದಾಗಿ ಆರಿಸಿ ಪಂಚೆಯಲ್ಲಿ ಹಾಕಿಕೊಳ್ಳುತ್ತಿದ್ದರು. ಬೀಬಮ್ಮ ಪರದೆಯ ಹಿಂದಿನಿಂದ ಹೇಳಿದರು:

"ಕೊಡಲಿ ಅವ್ರದ್ದು, ಪೆಟ್ಟಿಗೆ ನಿಂದು, ಮರ್ಯಾದೆ ನಂದು. ಯಾವ್ದು ಮೊದ್ಲು ರಿಪೇರಿ ಮಾಡ್ತಿ ಆಚಾರಿ?"

ಆಚಾರಿ ಚೂರುಗಳನ್ನು ಪಂಚೆಯ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಎದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಮಾತು ಹೇಳಿದರು: "ಬೀಗ ಒಡೆದ್ರೆ ಬೀಗ ಹೋತು. ಚಿಲಕ ಒಡೆದ್ರೆ ನಾನು ಕೊಟ್ಟ ಮಾತು ಹೋತು."

ಕೆಲವು ದಿನಗಳ ಮೇಲೆ ಆ ಕಚೇರಿಯ ಮುಖ್ಯಸ್ಥರೇ ಚಪ್ಪರಕ್ಕೆ ಬಂದರು. ಬೆಳಗಾವಿ ಕಡೆಯ ದೇಸಾಯಿ ಎಂಬವರು. ಅವರನ್ನು ಕೆಟ್ಟವರೆನ್ನಲು ನನಗೆ ಎಂದೂ ಸಾಧ್ಯವಾಗಿಲ್ಲ. ಶೋಧಕ್ಕೆ ಹೋದ ಮನೆಯಲ್ಲೂ ಚಪ್ಪಲಿ ಹೊರಗೆ ಬಿಟ್ಟು ಹೋಗುವವರು. ಶೋಧದ ಹೊತ್ತಿಗೆ ಊರಿನ ಸಾಕ್ಷಿಗಳು ಬೇಕಾದಾಗ ನನ್ನ ಅಪ್ಪನನ್ನು ಪಂಚನಾಗಿ ಕರೆಯುತ್ತಿದ್ದರು. ನಿವೃತ್ತ ಶಾಲಾ ಮಾಸ್ತರರಾದ ಅಪ್ಪನಿಗೆ ದೇಸಾಯಿಯವರೆಂದರೆ ಪ್ರೀತಿ. ಅವತ್ತು ನಮ್ಮ ಜಗಲಿಯಲ್ಲಿ ಕೂತ ನಮಗೆ ಆಚೆಯ ಮಾತೆಲ್ಲ ಕೇಳುತ್ತಿತ್ತು.

"ಖರೇ ಹೇಳ್ತೀನ್ರಿ ಆಚಾರ್ರ, ಆ ಮುದುಕಿ ಪೆಟ್ಟಿಗಿ ಒಡಿಸಿದ್ದು ನನಗೂ ಬ್ಯಾಸರ ಆಗೇದ. ಆದರ ನಾ ಏನ್ ಮಾಡ್ಲಿ? ಯಾವ ಪೆಟ್ಟಿಗ್ಯಾಗ ಮಾಲು ಅದ, ಯಾವುದರಾಗ ಇಲ್ಲ, ಹೊರಗಿಂದ ಹೆಂಗ ತಿಳೀಬೇಕ್ರಿ?"

"ಕೇಳಿದ್ರೆ ತೆಗೀತ್ರಲ್ಲ ಸಾಹೇಬ್ರೆ."

"ಮಾಲು ಇದ್ದಾವ ತಗೀತಾನೇನ್ರಿ? ಅವನ ಸಲುವಾಗಿ ಇಲ್ಲದಾಕಿ ಪೆಟ್ಟಿಗಿ ಒಡಿಯೂದಾಗ್ತದ. ಅದಕ್ಕ ಕೇಳ್ತೀನಿ, ಎಲ್ಲಾ ಪೆಟ್ಟಿಗಿಗೂ ಒಂದು ಬ್ಯಾರೆ ದಾರಿ ಇಡ್ರಿ. ನನಗ ಒಬ್ಬನಿಗೇ ತೋರಿಸ್ರಿ. ಮ್ಯಾಲಿನ ಹುಕುಂ ಇಲ್ಲದ ನಾ ಮುಟ್ಟಂಗಿಲ್ಲ. ಇನ್ನ ಮ್ಯಾಲೆ ಕೊಡಲಿ ಎತ್ತಂಗಿಲ್ಲ. ನಿಮ್ಮ ಕೈಕೆಲಸ ಉಳೀತದ, ಅವರ ಮರ್ಯಾದಿನೂ ಉಳೀತದ."

ಆಚಾರಿ, ಯೋಚನೆ ಮಾಡುತ್ತೇನೆ ಎಂದರು. ಆಗ ತುರ್ತು ಪರಿಸ್ಥಿತಿಯ ಕಾಲ. ಯೋಚನೆ ಮಾಡುತ್ತೇನೆ ಎಂದದ್ದೇ ದೊಡ್ಡ ಮಾತು. ಆದರೆ ಅವರು ಹೆದರಿ ಒಪ್ಪಿದರೆಂದು ನನಗೆ ಅನಿಸುವುದಿಲ್ಲ. ಅವರ ಕಣ್ಣೆದುರು ಇದ್ದದ್ದು ಬೀಬಮ್ಮನ ಪೆಟ್ಟಿಗೆಯ ಮೇಲೆ ಬಿದ್ದ ಕೊಡಲಿ.

ಅಂದು ಸಂಜೆ ಪಾಗಾರದ ಮೇಲೆ ಕೂತು ನಮ್ಮನ್ನು ಕೇಳಿದರು. "ತಂಗೀ, ನೀನು ಸರ್ಕಾರದ ಮೇಲೇ ಪಾಠ ಹೇಳೂದಲ್ದಾ? ಸರ್ಕಾರ ಅಂದ್ರೆ ಎಂತ? ಒಬ್ಬನಾ, ಸುಮಾರು ಜನವಾ?"

ಇದಕ್ಕೆ ಉತ್ತರ ಕೊಟ್ಟದ್ದು ಅಪ್ಪನೋ ನಾನೋ, ನನಗೆ ಈಗ ಖಾತ್ರಿಯಿಲ್ಲ. ಡೈರಿಯಲ್ಲಿ "ಆಚಾರಿ ಬಂದಿದ್ದರು, ಸರ್ಕಾರದ ಮಾತು" ಎಂದಷ್ಟೇ ಇದೆ. ಅಪ್ಪನ ದನಿಯಲ್ಲೂ ಕೇಳಿಸುತ್ತದೆ, ನನ್ನ ದನಿಯಲ್ಲೂ ಕೇಳಿಸುತ್ತದೆ. ಸರ್ಕಾರವೆಂದರೆ ಮನುಷ್ಯನಲ್ಲ, ಮನುಷ್ಯರು ಬರುತ್ತಾರೆ ಹೋಗುತ್ತಾರೆ, ಅದು ಇರುತ್ತದೆ ಎಂಬ ಉತ್ತರ. ಧೈರ್ಯ ಹೇಳುವ ಮಾತೆಂದೇ ಅದನ್ನು ಹೇಳಿದ್ದು. ಆಚಾರಿ ಧೈರ್ಯದ ಮಾತೆಂದೇ ಕೇಳಿಸಿಕೊಂಡರು. "ಹಾಂಗಾದ್ರೆ ಸಾಯೂದಿಲ್ಲ. ಕೊಟ್ಟ ಮಾತೂ ಸಾಯೂದಿಲ್ಲ" ಎಂದು ಎದ್ದು ಹೋದರು.

ಮೊದಲು ಇಟ್ಟದ್ದು ರಿಪೇರಿಗೆ ಬಂದಿದ್ದ ಬೀಬಮ್ಮನ ಪೆಟ್ಟಿಗೆಗೇ. ಹಿಂದಿನ ಹಲಗೆಯಲ್ಲಿ, ಗೋಡೆಗೆ ತಾಗುವ ಬದಿಗೆ, ಪೆಟ್ಟಿಗೆಯ ಎಡಗಾಲಿನ ಪಕ್ಕ ಹೆಬ್ಬೆರಳಿಟ್ಟು ಒತ್ತಿ ಮೇಲಕ್ಕೆ ದೂಡಿದರೆ ಮುಂದಿನ ಚಿಲಕ ತಾನಾಗಿ ಬಿಡುತ್ತಿತ್ತು. ಎಲ್ಲ ಪೆಟ್ಟಿಗೆಗೂ ಅದೇ ಜಾಗ. ಅದನ್ನು ತೋರಿಸುವ ದಿನ ಆಚಾರಿ ದೇಸಾಯಿಯವರ ಜೊತೆ ಬಂದ ಪೊಲೀಸನನ್ನು ರಸ್ತೆಗೆ ಕಳಿಸಿದರು. ಸಾಹೇಬರನ್ನು ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಕೂರಿಸಿದರು. ಮರ ಮುಟ್ಟಿಸಿ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿಸಿದರು. ಒಬ್ಬ ಮದುಮಗಳಿಗೆ ಏನೇನು ಮಾಡುತ್ತಿದ್ದರೋ ಅದನ್ನೆಲ್ಲ ಸರ್ಕಾರಕ್ಕೆ ಮಾಡಿದರು. ನಾನು ಪಾಗಾರದ ಈಚೆ ಬೆನ್ನು ತಿರುಗಿಸಿ ನಿಂತಿದ್ದೆ. ಅವರು ಕರೆದಿದ್ದರು, ಅಭ್ಯಾಸ ಬಿಡಬಾರದೆಂದು.

ಆಮೇಲೆ ಬಾವಿಗೆ ಹೋದರು. ಕೈಕಾಲು ತೊಳೆದರು. ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಆಮೇಲೆ ಸುಮ್ಮನೆ ನಿಂತರು.

"ಎಂತಾತು ಆಚಾರ್ರೆ?" ಎಂದೆ.

"ಇದು ಮರೆಯೂಕೆ ಆಗೂದಿಲ್ಲ ತಂಗೀ. ಮುಂದಿನ ಪೆಟ್ಟಿಗೆಗೂ ಇದನ್ನೇ ಇಡೂದಲ್ದಾ?"

ಅದನ್ನು ನಗುತ್ತಲೇ ಹೇಳಿದರು. ನಾನೂ ನಕ್ಕಿರಬೇಕು.

ಸಾಹೇಬರ ಚಿಲಕ ಎಂದು ಅದಕ್ಕೆ ಹೆಸರಿಟ್ಟದ್ದು ಅವರೇ. ಅದು ಕೆಲಸಕ್ಕೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಒಮ್ಮೆ ಹೊನ್ನಾವರದ ಹೊಳೆದಂಡೆಯ ಎರಡು ಮನೆಗಳನ್ನು, ಮನೆಯವರನ್ನು ಹೊರಗೆ ನಿಲ್ಲಿಸಿ, ಶೋಧಿಸಿದಾಗ ಒಂದರ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಕೈಗಡಿಯಾರ ಸಿಕ್ಕಿದವು. ಇನ್ನೊಂದರಲ್ಲಿ ಏನೂ ಇರಲಿಲ್ಲ, ಅದನ್ನು ಹಾಗೇ ಮುಚ್ಚಿ ಸಾಹೇಬರು ಕೈಮುಗಿದು ಬಂದರು. ಪಂಚನಾಗಿ ಹೋಗಿದ್ದ ಅಪ್ಪ ಅದನ್ನು ವಾರಗಟ್ಟಲೆ ಹೇಳಿದರು. ಆಚಾರಿ ಕೇಳಿದ್ದು ಒಂದೇ: "ಮರ ಎಲ್ಲೂ ಸಿಗಿದಿಲ್ಲ ಅಲ್ದಾ?" ಆ ವರ್ಷಗಳಲ್ಲಿ ಅವರು ಸಂತೋಷವಾಗಿದ್ದರು ಎಂದು ನನ್ನ ನೆನಪು. ಆದರೆ ಇನ್ನೊಂದು ನೆನಪೂ ಇದೆ. ಪೆಟ್ಟಿಗೆ ಕೊಟ್ಟು ಬಾವಿಕಟ್ಟೆಯಿಂದ ಬಂದವರು "ಆತು" ಎನ್ನುತ್ತಿದ್ದರು, "ನೆನಪು ಹೋತು" ಎನ್ನುತ್ತಿರಲಿಲ್ಲ. ಇದನ್ನು ನಾನು ಆಗಲೇ ಗಮನಿಸಿದೆನೋ, ಮುಂದೆ ಆದದ್ದನ್ನು ಕಂಡು ಹಿಂದಕ್ಕೆ ಹೋಗಿ ಸೇರಿಸಿದೆನೋ, ಹೇಳಲಾರೆ.

ದೇಸಾಯಿಯವರಿಗೆ ವರ್ಗವಾಯಿತು. ಹೋಗುವ ಮುನ್ನ ನಮ್ಮ ಮನೆಗೂ ಆಚೆಯ ಚಪ್ಪರಕ್ಕೂ ಹೇಳಿಹೋಗಲು ಬಂದರು. ಆಚಾರಿ ಒಂದು ಹಲಸಿನ ಮಣೆ ಮಾಡಿಟ್ಟಿದ್ದರು, ಕೊಟ್ಟರು. ಆಮೇಲೆ ಒಳಗಿನಿಂದ ಒಂದು ಬಟ್ಟಲಲ್ಲಿ ಬೆಲ್ಲ ತಂದರು.

"ಸಾಹೇಬ್ರೆ, ಬಾವಿ ಅಲ್ಲಿದೆ. ಕೈಕಾಲು ತೊಳ್ಕಂಡು ಇದೊಂದು ಚೂರು ಬಾಯಿಗೆ ಹಾಕ್ಕಣಿ. ನೀವಾದ್ರೂ ಮರೆತುಬಿಡಿ."

ದೇಸಾಯಿಯವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಮುಖ ನೋಡಬೇಕಿತ್ತು. ಅಪರಾಧಿಯ ಮುಖವಲ್ಲ, ಪಾಪ ಅನ್ನಿಸಿದವರ ಮುಖ.

"ನಾ ಮರೆತರೇನು ಬಂತ್ರಿ ಆಚಾರ್ರ? ಮೊನ್ನೆ ಚಾರ್ಜು ಕೊಟ್ಟೆ. ಬರೋ ಸಾಹೇಬರಿಗೆ ಎಲ್ಲಾ ತಿಳಿಸಿ ಕೊಟ್ಟೀನಿ. ಅದು ನನ್ನದಲ್ಲಲ್ರಿ, ಕಚೇರಿದು."

"ನೀವು ಮರ ಮುಟ್ಟಿ ಹೇಳಿದ್ದಲ್ದಾ?"

"ಹೌದ್ರಿ. ಯಾವ ಹೊರಗಿನವಗೂ ಹೇಳಿಲ್ಲ. ಇವರೇನ್ ಹೊರಗಿನವರಲ್ಲ."

ಬೆಲ್ಲದ ಬಟ್ಟಲು ಹಿಡಿದುಕೊಂಡು ಆಚಾರಿ ಹಾಗೇ ನಿಂತಿದ್ದರು. ದೇಸಾಯಿ ಒಂದು ಚೂರು ತೆಗೆದುಕೊಂಡರು, ಮರ್ಯಾದೆಗೆ. ಜೀಪು ಹೋದ ಮೇಲೆ ಆಚಾರಿ ಪಾಗಾರದ ಹತ್ತಿರ ಬಂದು, ಯಾರನ್ನೂ ದೂಷಿಸದ ದನಿಯಲ್ಲಿ, "ನಾನು ಅವರೊಬ್ಬರಿಗೆ ಅಂದ್ಕಂಡು ತೋರಿಸಿದ್ದು. ಅವರು ಕುರ್ಚಿಗೆ ಅಂದ್ಕಂಡು ನೋಡಿದ್ದು" ಎಂದರು.

ಹೊಸ ಸಾಹೇಬರನ್ನು ಚಪ್ಪರದಲ್ಲಿ ನಾವು ಯಾರೂ ನೋಡಲಿಲ್ಲ. ಬಂದವನು ಅವರ ಜೀಪಿನ ಡ್ರೈವರ್. ಒಂದು ಮಧ್ಯಾಹ್ನ, ಮಗಳ ಮದುವೆಗೆ ಪೆಟ್ಟಿಗೆ ಹೇಳಲು ಬಂದ ಗಿರಾಕಿಗಳು ಕೂತಿದ್ದಾಗ, ಮುಗಿದು ನಿಂತಿದ್ದ ಒಂದು ಪೆಟ್ಟಿಗೆಯ ಹಿಂದೆ ಬಗ್ಗಿ ಹೆಬ್ಬೆರಳು ಒತ್ತಿದ. ಮುಚ್ಚಳ ಬಿಟ್ಟುಕೊಂಡಿತು.

"ಸಾಹೇಬರ ಚಿಲಕ ಇಲ್ಲೇ ಅಲ್ದಾ ಆಚಾರ್ರೆ? ನನ್ನ ಭಾವ ನಂಬೂದೇ ಇಲ್ಲ ಹೇಳ್ತಾ ಇದ್ದ."

ಗಿರಾಕಿಗಳು ಏನು ತಿಳಿದುಕೊಂಡರೋ, ನಕ್ಕರು. ಮಾರನೆಯ ವಾರ ಬರುತ್ತೇವೆಂದು ಹೋದವರು ಬರಲಿಲ್ಲ.

ಮುಂದಿನ ಪೆಟ್ಟಿಗೆಗೆ ಆಚಾರಿ ಆ ಚಿಲಕ ಇಡಲಿಲ್ಲ. ಕಚೇರಿಯಿಂದ ಒಬ್ಬ ಬಂದು ಒತ್ತಿ ನೋಡಿದ. ತೆರೆಯಲಿಲ್ಲ. ಅವನು ಜಗಳವಾಡಲಿಲ್ಲ. ಚಪ್ಪರದಲ್ಲಿ ಒರಗಿಸಿಟ್ಟ ಹಲಗೆಗಳನ್ನು ನೋಡುತ್ತ, "ಈ ಮರಕ್ಕೆಲ್ಲ ಫಾರೆಸ್ಟಿನವರ ಪಾಸು ಇದ್ಯಾ ಆಚಾರ್ರೆ?" ಎಂದು ಕೇಳಿ ಹೋದ. ಆಚಾರಿ ಪೆಟ್ಟಿಗೆ ಬಿಚ್ಚಿ ಚಿಲಕ ಇಟ್ಟರು. ಇಷ್ಟು ಹೊತ್ತಿಗೆ ಅಂಥ ಪೆಟ್ಟಿಗೆಗಳು ಎಷ್ಟು ಮನೆಗಳಲ್ಲಿದ್ದವೆಂದು ಅವರಿಗೂ ಲೆಕ್ಕವಿರಲಿಲ್ಲ.

ನಾಗವೇಣಿಯ ವಿಷಯಕ್ಕೆ ಬರಲು ನನಗೆ ಕಷ್ಟವಾಗುತ್ತದೆ. ಹೊಳನಗದ್ದೆಯ ಗದ್ದೆ ಕೆಲಸದ ಮನೆಯ ಹುಡುಗಿ. ಧಾರೇಶ್ವರದ ಬೋಟಿನವರ ಮನೆಗೆ ಕೊಟ್ಟಿದ್ದರು. ಅವಳ ಮದುವೆಯ ಪೆಟ್ಟಿಗೆ ಕೊಡುವಾಗಲೂ ಬಾಗಿಲಲ್ಲಿ ನಾನೇ ನಿಂತಿದ್ದೆ. ಚಿಲಕ ತೆರೆದಾಗ ಬೆನ್ನ ಹಿಂದೆ ಅವಳು ಸಣ್ಣಗೆ "ಅಯ್ಯೋ, ಬಂತು" ಎಂದದ್ದು ಕೇಳಿದ್ದೆ. ಎಂಬತ್ತರ ಆಸುಪಾಸಿನಲ್ಲಿ, ಮನೆಮಂದಿಯೆಲ್ಲ ಒಂದು ನಿಶ್ಚಿತಾರ್ಥಕ್ಕೆ ಹೋಗಿ ಬಂದ ಮೇಲೆ, ಪೆಟ್ಟಿಗೆಯಲ್ಲಿ ಅವಳ ತವರಿನ ಬಂಗಾರವೂ ಅತ್ತೆ ಹಾಕಿದ ಬಂಗಾರವೂ ಇರಲಿಲ್ಲ. ಪೆಟ್ಟಿಗೆಯ ಮೈಮೇಲೆ ಒಂದು ಗೀರೂ ಇಲ್ಲ. ಅವಳ ತಮ್ಮ ಆಗಷ್ಟೇ ಹೊಸ ಬಲೆ ಕೊಂಡಿದ್ದ. ಅವಳೇ ತೆಗೆದು ಕೊಟ್ಟಳೆನ್ನಲು ಅಷ್ಟು ಸಾಕಾಯಿತು.

ಊರಿನ ಹಿರಿಯರು ಅವಳ ಗಂಡನ ಮನೆಯ ಅಂಗಳದಲ್ಲಿ ಸೇರಿ ಆಚಾರಿಯನ್ನು ಕರೆಸಿದರು. ಆಚಾರಿ ಕುಮಟೆಯಲ್ಲಿ ಬಸ್ಸಿಳಿದು ಕಾಲೇಜಿಗೆ ಬಂದರು. "ತಂಗೀ, ಬಾ. ಈ ಸಲ ಬೆನ್ನು ತಿರುಗಿಸೂದು ಬೇಡ" ಎಂದರು.

ಅಂಗಳದಲ್ಲಿ ಪೆಟ್ಟಿಗೆ ಇಟ್ಟಿದ್ದರು. ನಾಗವೇಣಿ ತುಳಸಿಕಟ್ಟೆಯ ಪಕ್ಕ ನಿಂತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿಕೊಂಡು. ಗಂಡ ಬೋಟಿಗೆ ಹೋಗದೆ ಉಳಿದಿದ್ದ, ಆದರೆ ಅವಳತ್ತ ನೋಡುತ್ತಿರಲಿಲ್ಲ. ಅತ್ತೆ ಹೇಳಿದಳು:

"ನಾವು ಸುಳ್ಳು ಹೇಳೂದಿಲ್ಲ ಆಚಾರ್ರೆ. ನೀವೇ ಹೇಳಿದ್ದು, ಗಂಡನಿಗೂ ತೋರಿಸೂದಿಲ್ಲ ಹೇಳಿ. ಇದಕ್ಕೆ ಇವಳ ಕೈ ಒಂದೇ ಹೇಳಿ. ಹೌದಾ ಅಲ್ಲದಾ?"

ಅವರ ಕಸುಬಿನ ಮರ್ಯಾದೆಯೇ ಆ ಹುಡುಗಿಯ ಮೇಲೆ ಸಾಕ್ಷಿಯಾಗಿ ನಿಂತಿತ್ತು. ಇಲ್ಲವೆಂದರೆ ಮೂರು ತಾಲೂಕಿನ ಅಷ್ಟೂ ಹೆಂಗಸರ ಪೆಟ್ಟಿಗೆ ಅಂದೇ ಬಯಲಾಗುತ್ತದೆ. ಹೌದೆಂದರೆ ಇವಳು ಕಳ್ಳಿ. ಆಚಾರಿ ಯೋಚಿಸಿದ್ದನ್ನು ನಾನು ಕಾಣಲಿಲ್ಲ. ಬಸ್ಸಿನಲ್ಲೇ ಯೋಚಿಸಿ ಮುಗಿಸಿದ್ದರೋ ಏನೋ. ಪೆಟ್ಟಿಗೆಯನ್ನು ಅಪ್ಪಿ ಹಿಡಿದು ತಿರುಗಿಸಿದರು. ಎಡಗಾಲಿನ ಪಕ್ಕ ಹೆಬ್ಬೆರಳಿಟ್ಟು ಮೇಲಕ್ಕೆ ದೂಡಿದರು. ಎಲ್ಲರೂ ನೋಡುತ್ತಿದ್ದಂತೆ ಮುಚ್ಚಳ ಬಿಟ್ಟಿತು.

"ಇದು ಸಾಹೇಬರ ಚಿಲಕ."

ಹಿರಿಯರೊಬ್ಬರು ಕೇಳಿದರು: "ಯಾವ ಸಾಹೇಬ್ರು?"

"ಹೋದವ್ರು. ಈಗಿದ್ದವ್ರು. ಮುಂದೆ ಬರೋರು. ಅವ್ರ ಡ್ರೈವರು. ಡ್ರೈವರನ ಭಾವ. ಇನ್ನು ಯಾರ್ಯಾರು ಹೇಳಿ ನಂಗೆ ಗೊತ್ತಿಲ್ಲ."

"ಹಾಂಗಾದ್ರೆ ಕದ್ದವ ಯಾರು?"

"ಗೊತ್ತಿಲ್ಲ."

"ಅದೂ ಗೊತ್ತಿಲ್ಲ, ಇದೂ ಗೊತ್ತಿಲ್ಲ. ಮತ್ತೆ ಇವಳು ಕದ್ದಿಲ್ಲ ಹೇಳೂದು ಹೇಗೆ ಗೊತ್ತಾತು?"

ಆಚಾರಿ ಮುಚ್ಚಳ ಮುಚ್ಚಿದರು. ಎಲ್ಲರೂ ತೆರೆಯಬಲ್ಲ ಪೆಟ್ಟಿಗೆಯನ್ನು ಇವಳೂ ತೆರೆದಿರಬಹುದು. ಅವರು ತಮ್ಮ ಹೆಸರನ್ನೂ ಎಲ್ಲರ ಪೆಟ್ಟಿಗೆಯನ್ನೂ ಕೊಟ್ಟು ತಂದದ್ದು ಅಷ್ಟೇ, ಒಂದು ಅನುಮಾನ. ಅನುಮಾನದಿಂದ ಹುಡುಗಿ ಕಳ್ಳಿಯೆಂದಾಗಲಿಲ್ಲ, ಕಳ್ಳಿಯಲ್ಲವೆಂದೂ ಆಗಲಿಲ್ಲ. ಗಂಡ ಮೊದಲ ಸಲ ಬಾಯಿ ಬಿಟ್ಟು, ಸ್ವಲ್ಪ ದಿನ ತವರಿನಲ್ಲಿ ಇರಲಿ ಎಂದ. ಹೊರಡುವಾಗ ನಾಗವೇಣಿ ಆಚಾರಿಯ ಮುಂದೆ ಬಂದು ನಿಂತಳು. "ನೀವು ಅವತ್ತು ನಂಗೊಬ್ಬಳಿಗೇ ಹೇಳಿದ್ರಲ್ಲ" ಎಂದಳು. ಸಿಟ್ಟಿನಿಂದಲ್ಲ. ಕೇಳಿ ತಿಳಿದುಕೊಳ್ಳುವವಳಂತೆ. ಸ್ವಲ್ಪ ದಿನವೆಂದು ಹೋದವಳು ಹೊಳನಗದ್ದೆಯಲ್ಲೇ ಉಳಿದಳು. ಬಸ್ಸಿನ ಕಿಟಕಿಯಿಂದ ಅವಳನ್ನು ನಾಟಿಯ ಗದ್ದೆಯಲ್ಲಿ ಒಂದೆರಡು ಸಲ ಕಂಡಿದ್ದೇನೆ, ಅಥವಾ ಬಗ್ಗಿ ನಿಂತ ಯಾರನ್ನೋ ಅವಳೆಂದುಕೊಂಡಿದ್ದೇನೆ.

ಅಪ್ಪನಿಗೆ ಇನ್ನೂ ನಂಬಿಕೆಯಿತ್ತು. ಆಚಾರಿಯನ್ನು ಕರೆದುಕೊಂಡು ಆ ಕಚೇರಿಗೆ ಹೋದರು. ಹೊಸ ಸಾಹೇಬರು ಕುರ್ಚಿ ಕೊಟ್ಟರು, ಚಹಾ ತರಿಸಿದರು, ಎಲ್ಲ ಕೇಳಿದರು. ಅಂಥ ಚಿಲಕದ ಬಗ್ಗೆ ಕಚೇರಿಯಲ್ಲಿ ಯಾವ ಕಾಗದವೂ ಇಲ್ಲ, ಕಾಗದವಿಲ್ಲದ್ದನ್ನು ನಾವು ಬಳಸುವುದಿಲ್ಲ ಎಂದರು. ಅಪ್ಪ ಮನೆಗೆ ಬಂದು ಅಂಗಿ ಕಳಚದೆ ಜಗಲಿಯಲ್ಲಿ ಕೂತರು. ಮತ್ತೆಂದೂ ಪಂಚನಾಗಿ ಹೋಗಲಿಲ್ಲ. ಸರ್ಕಾರದ ಪರವಾಗಿಯೂ ವಿರೋಧವಾಗಿಯೂ ಮಾತಾಡಲಿಲ್ಲ.

ಇದರಲ್ಲಿ ಕೆಟ್ಟವನನ್ನು ಹುಡುಕಿ ಹುಡುಕಿ ನಾನು ಸೋತಿದ್ದೇನೆ. ಕದ್ದವನೊಬ್ಬ ಎಲ್ಲೋ ಇದ್ದಾನೆ, ನಿಜ. ಆದರೆ ಅವನು ಬರುವ ಮೊದಲೇ ಎಲ್ಲ ಮುಗಿದಿತ್ತು, ಒಳ್ಳೆಯವರೇ ಸೇರಿ ಮುಗಿಸಿದ್ದರು. ದೇಸಾಯಿಯವರಂಥವರೇ ಒಬ್ಬರ ನಂತರ ಒಬ್ಬರು ಬಂದಿದ್ದರೆ ಏನಾಗುತ್ತಿತ್ತು ಎಂದು ತರಗತಿಯಲ್ಲಿ ಒಮ್ಮೆ ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬಳು, "ಅವ್ರಿಗೂ ಡ್ರೈವರ್ ಇರ್ತಾನಲ್ಲ ಮೇಡಂ" ಎಂದಳು. ಎಲ್ಲರೂ ನಕ್ಕರು. ಪಾಠ ಮುಂದುವರಿಸಿದೆ.

ಆಮೇಲೆ ಆಚಾರಿ ಹೊಸ ಪೆಟ್ಟಿಗೆ ಮಾಡಲಿಲ್ಲ. ಒಂದು ಚೀಲದಲ್ಲಿ ಸುತ್ತಿಗೆ, ಕಬ್ಬಿಣದ ಮೊಳೆ ಹಾಕಿಕೊಂಡು ನೆನಪಿದ್ದ ಮನೆಗಳಿಗೆಲ್ಲ ಹೋಗಿ ಹಿಂದಿನ ಹಲಗೆಗೆ ಮೊಳೆ ಹೊಡೆದು 'ಸಾಹೇಬರ ಚಿಲಕ'ವನ್ನು ಬಂದುಮಾಡತೊಡಗಿದರು. ಜೀವಮಾನದಲ್ಲಿ ಪೆಟ್ಟಿಗೆಗೆ ಒಂದು ಮೊಳೆ ಮುಟ್ಟಿಸದವರು. ಕೆಲವರು ಒಳಗೆ ಬಿಟ್ಟರು. ಹೆಚ್ಚಿನವರು ಬಿಡಲಿಲ್ಲ. ಕುಮಟೆಯ ಒಂದು ಮನೆಯಲ್ಲಿ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು, "ಆಗ ಎಂತದೋ ಇಟ್ರಿ, ಹೇಳ್ಲಿಲ್ಲ. ಈಗ ಎಂತದೋ ಹೊಡೀತೆ ಹೇಳ್ತ್ರಿ. ಇದು ಎಂತದು ಹೇಳಿ ನಮಗೆ ಹೇಗೆ ಗೊತ್ತಾಗ್ಬೇಕು?" ಎಂದಳು. ನಾನು ಜೊತೆಗಿದ್ದೆ. ಆಚಾರಿ ತಲೆಯಾಡಿಸಿ ಚೀಲ ಎತ್ತಿಕೊಂಡರು. ಜಾಲಿಯ ಬೀಬಮ್ಮ ಮಾತ್ರ ನಕ್ಕರು. "ನನ್ನ ಕಫನ್ ಯಾರು ಕದೀತಾರೆ ಆಚಾರಿ? ಕದ್ದವ್ನಿಗೂ ಒಂದು ದಿನ ಬೇಕಲ್ಲ. ಮೊಳೆ ಉಳಿಸ್ಕೋ." ಆಚಾರಿ ಅಲ್ಲಿಯೂ ಹೊಡೆದೇ ಬಂದರು. ಒಳ್ಳೆಯ ಹಲಸಿನ ಹಲಗೆ. ಮೊಳೆ ಹೋದ ಕಡೆ ಉದ್ದಕ್ಕೂ ಸೀಳಿತು.

ಕ್ರಮೇಣ ಜನ ಉಕ್ಕಿನ ಕಪಾಟು ತಂದರು, ಬ್ಯಾಂಕಿನಲ್ಲಿ ಲಾಕರು ತೆಗೆದರು. ಆ ಪೆಟ್ಟಿಗೆಗಳಲ್ಲಿ ಅಕ್ಕಿ, ಒಣಮೀನು, ಹಳೆಯ ಬಲೆ ತುಂಬಿದರು. ನನಗೆಂದು ಮಾಡಿಕೊಟ್ಟ ಒಂದು ನನ್ನ ಕೋಣೆಯಲ್ಲಿದೆ. ಡೈರಿಗಳನ್ನು ಅದರಲ್ಲಿ ಇಡುತ್ತಿದ್ದೆ. ಈಗ ಇಡುವುದಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ಎಂಬತ್ತರ ದಶಕ ಮುಗಿಯುತ್ತ ಬಂದಾಗ. ಅಷ್ಟರಲ್ಲಿ ಅವರಿಗೆ ನಿಜವಾದ ಮರೆವು ಬಂದಿತ್ತು. ಮಕ್ಕಳ ಹೆಸರು ಹೋಗಿತ್ತು, ಉಂಡದ್ದು ನೆನಪಿರುತ್ತಿರಲಿಲ್ಲ, ಉಳಿಯನ್ನು ಕೈಗೆ ಕೊಟ್ಟರೆ ತಿರುಗಿಸಿ ನೋಡಿ ಪಕ್ಕಕ್ಕೆ ಇಡುತ್ತಿದ್ದರು. ನಾನು ಮಂಚದ ಪಕ್ಕ ಕೂತು ನನ್ನ ಹೆಸರು ಹೇಳಿದೆ. ಗುರುತು ಸಿಗಲಿಲ್ಲ. ಬೆನ್ನು ತಿರುಗಿಸಿ ಕೂತು ನೋಡಿದೆ, ಗುರುತು ಹತ್ತೀತೇನೋ ಎಂದು. ಹತ್ತಲಿಲ್ಲ. ಎಲ್ಲವೂ ಹೋಗಿತ್ತು. ಬಲಗೈ ಮಾತ್ರ ಸುಮ್ಮನಿರಲಿಲ್ಲ. ಆ ಚಪ್ಪಟೆ ಹೆಬ್ಬೆರಳು ಮಂಚದ ಪಟ್ಟಿಯ ಕೆಳಗೆ, ಮಂಚದ ಎಡಗಾಲಿನ ಪಕ್ಕದ ಒಂದೇ ಜಾಗವನ್ನು ಹುಡುಕಿ, ಒತ್ತಿ, ಮೇಲಕ್ಕೆ ದೂಡುತ್ತಿತ್ತು. ಬಿಡುತ್ತಿತ್ತು. ಮತ್ತೆ ದೂಡುತ್ತಿತ್ತು. ಅಲ್ಲಿ ಮರ ಸವೆದು ನುಣುಪಾಗಿತ್ತು.

ಒಳಗಿನಿಂದ ಬೆಲ್ಲ ಕೇಳಿ ತಂದು ಅವರ ಬಾಯಿಗಿಟ್ಟೆ, ನೀರು ಕುಡಿಸಿದೆ, ಒದ್ದೆ ಬಟ್ಟೆಯಿಂದ ಕೈಕಾಲು ಒರೆಸಿದೆ. "ಆತು ಆಚಾರ್ರೆ" ಎಂದೆ. ಅವರು ಬೆಲ್ಲ ಚೀಪುತ್ತ ನನ್ನನ್ನೇ ನೋಡಿದರು. ಕೈ ಮತ್ತೆ ಪಟ್ಟಿಯ ಕೆಳಗೆ ಹೋಯಿತು.

ಆ ದಿನದ ಡೈರಿಯಲ್ಲಿ ಬೆಲ್ಲದ ಮಾತಿಲ್ಲ. ಹೆಬ್ಬೆರಳಿನದು ಇದೆ.